ನಾನೂರ ಹನ್ನೆರಡು ಮಿಲಿಮೀಟರ್

“ಮೇಡಂ, ಇದನ್ನ ಈಗಲೇ ನೋಡಿ. ಮೂರು ಗಂಟೆ ಒಳಗೆ ನೋಡ್ಲೇಬೇಕು.”

ಹೀಗೆಂದವಳು ನಾಲ್ಕು ವರ್ಷದಿಂದ ಪಿಎಚ್‌ಡಿ ಮಾಡುತ್ತಿದ್ದ ವಿದ್ಯಾರ್ಥಿನಿ. ತನ್ನ ಮಾತು ಪಕ್ಕದವರಿಗೆ ಕೇಳಿಸಿಬಿಟ್ಟರೆ ಏನು ಗತಿ ಎಂದು ಹೆದರುವಂಥ ಸಂಕೋಚದ ಹುಡುಗಿ. ಅವಳು ಇವತ್ತು ಬೆಳಗ್ಗೆ ಹತ್ತೂವರೆಗೆ ನಮಸ್ಕಾರವನ್ನೂ ಹೇಳದೆ ನುಗ್ಗಿ, ಲ್ಯಾಪ್‌ಟಾಪನ್ನು ತನ್ನ ಗುರುವಿನ ಕಾಗದಗಳ ಮೇಲೆಯೇ ತಂದಿಟ್ಟಿದ್ದಳು. ಗುರುವನ್ನು ಇಡೀ ವಿಭಾಗ ಕರೆಯುವುದು ಮಳೆ ಮೇಡಂ ಎಂದು. ವಯಸ್ಸು ಐವತ್ಮೂರು, ಹವಾಮಾನ ವಿಜ್ಞಾನದ ಪ್ರೊಫೆಸರ್. ಮುಂದಿನ ತಿಂಗಳು ಸಂಸ್ಥೆಯ ನಿರ್ದೇಶಕಿಯಾಗುವವಳು ಅವಳೇ ಎಂದು ಕ್ಯಾಂಟೀನಿನವನಿಗೂ ಗೊತ್ತಿತ್ತು.

ಮೂರು ಗಂಟೆಗೆ ಇದ್ದದ್ದು ನಗರಸಭೆಯ ಪ್ರವಾಹ ಸಮಿತಿಯ ಕೊನೆಯ ಸಭೆ. ನದಿ ಉಕ್ಕಿದರೆ ನೀರು ಎಲ್ಲಿಯ ತನಕ ಬರಬಹುದು ಎಂದು ನಕಾಶೆಯ ಮೇಲೆ ಒಂದು ಕೆಂಪು ಗೆರೆ ಎಳೆದಾಗಿತ್ತು. ಇವತ್ತು ಅದಕ್ಕೆ ಸಹಿ. ಗೆರೆಯ ಒಳಗೆ ಹೊಳೆಬೀದಿಯ ಇನ್ನೂರ ನಲವತ್ತು ಮನೆಗಳು. ಸಹಿ ಬಿದ್ದರೆ ಅವರೆಲ್ಲ ಆರು ತಿಂಗಳಲ್ಲಿ ಗಂಟುಮೂಟೆ ಕಟ್ಟಬೇಕು. ಗೆರೆ ಎಳೆದವಳು ಮಳೆ ಮೇಡಂ. ಆ ಗೆರೆ ನಿಂತದ್ದು ನಲವತ್ಮೂರು ವರ್ಷದ ಹಿಂದೆ ಒಂದೇ ದಿನ ಬಿದ್ದ ಮಳೆಯ ಲೆಕ್ಕದ ಮೇಲೆ: ನಾನೂರ ಹನ್ನೆರಡು ಮಿಲಿಮೀಟರ್.

ಪರದೆಯ ಮೇಲೆ ಹಳೆಯ ರಿಜಿಸ್ಟರಿನ ಒಂದು ಪುಟದ ಫೋಟೋ ಇತ್ತು. ವರದಿಗೆ ಮೂಲ ದಾಖಲೆಯ ಪ್ರತಿ ಲಗತ್ತಿಸಬೇಕು ಎಂದು ಸಮಿತಿ ಕೇಳಿದ್ದರಿಂದ ಹುಡುಗಿ ನಿನ್ನೆ ದಾಖಲೆ ಕೋಣೆಗೆ ಹೋಗಿ, ಧೂಳು ಕುಡಿದು, ಸೀನುತ್ತಾ ತೆಗೆದ ಫೋಟೋ ಅದು. ಅವಳು ಬೆರಳಿಟ್ಟು ತೋರಿಸಿದಳು. ಪ್ರತಿ ದಿನದ ಮಳೆಯನ್ನು ಶಾಯಿಯಲ್ಲಿ ಬರೆದಿತ್ತು. ಆ ತಿಂಗಳ ಹದಿನೆಂಟು ದಿನ ಮಾತ್ರ ಶಾಯಿಯ ಪಕ್ಕದಲ್ಲಿ ಪೆನ್ಸಿಲಿನ ಸಣ್ಣ ಅಂಕಿ ಇನ್ನೊಂದಿತ್ತು. ಪೆನ್ಸಿಲಿನಲ್ಲಿ ಹದಿನೆಂಟು, ಶಾಯಿಯಲ್ಲಿ ಒಂಬತ್ತು. ಪೆನ್ಸಿಲಿನಲ್ಲಿ ನಲವತ್ತಾರು, ಶಾಯಿಯಲ್ಲಿ ಇಪ್ಪತ್ಮೂರು. ಎಲ್ಲ ಕಡೆ ಸರಿಯಾಗಿ ಅರ್ಧ. ಆ ದಿನಗಳ ನಡುವೆ ಒಂದು ದಿನ ಪೆನ್ಸಿಲ್ ಇಲ್ಲ. ಆ ದಿನ ನಾನೂರ ಹನ್ನೆರಡು ಮಾತ್ರ, ಬೇರೆಯದೇ ಕೈಬರಹದಲ್ಲಿ, ದುಂಡಗೆ.

ಆ ದುಂಡನೆಯ ಅಕ್ಷರ ಮೇಡಂಗೆ ಚೆನ್ನಾಗಿ ಗೊತ್ತಿತ್ತು. ಅವಳ ಶಾಲೆಯ ಪುಸ್ತಕಗಳ ಮೇಲೆಲ್ಲ ಹೆಸರು ಬರೆದುಕೊಟ್ಟ ಕೈ ಅದು, ಅಮ್ಮನ ಕೈ.

ಇದನ್ನು ಇಲ್ಲೇ ಬಿಡಿಸಿ ಹೇಳಬೇಕು. ಮೇಡಂನ ಅಪ್ಪ ಆ ಕಾಲದಲ್ಲಿ ಊರಿನ ಹವಾಮಾನ ಕೇಂದ್ರದ ವೀಕ್ಷಕ. ದಿಬ್ಬದ ಮೇಲೆ ಬೇಲಿ ಹಾಕಿದ ಒಂದು ತುಂಡು ಹುಲ್ಲುನೆಲ, ಅದರ ನಡುವೆ ಮಳೆಮಾಪಕ, ಕೆಳಗೇ ಇವರ ಮನೆ. ಆ ರಿಜಿಸ್ಟರು ಊಟದ ಮೇಜಿನ ಮೇಲೇ ಬಿದ್ದಿರುತ್ತಿತ್ತು. ದೊಡ್ಡ ಮಳೆ ಬಂದಾಗ ಇವಳಿಗೆ ಹತ್ತು ವರ್ಷ. ಬೆಳೆದು ವಿಜ್ಞಾನಿಯಾದ ಮೇಲೆ ಇವಳು ಹಿಡಿದದ್ದೂ ಅದೇ ದಾರಿ: ವರ್ಷದಿಂದ ವರ್ಷಕ್ಕೆ ಮಳೆ ಹೇಗೆ ಏರುಪೇರಾಗುತ್ತದೆ, ಒಮ್ಮೊಮ್ಮೆ ಯಾಕೆ ಹುಚ್ಚಾಪಟ್ಟೆ ಸುರಿಯುತ್ತದೆ. ಸರಾಸರಿ ಎಷ್ಟು ಮೇಡಂ ಎಂದು ಯಾರಾದರೂ ಕೇಳಿದರೆ ರೇಗುತ್ತಿತ್ತು. ಸರಾಸರಿಯಲ್ಲಿ ಯಾರೂ ಮುಳುಗಿ ಸತ್ತಿಲ್ಲ ಎನ್ನುವಳು. ನೂರು ವರ್ಷಕ್ಕೊಮ್ಮೆ ಬರಬಹುದಾದ ಮಳೆ ಎಷ್ಟಿರಬಹುದೆಂದು ಅವಳು ಮಾಡಿದ ಲೆಕ್ಕವನ್ನು ಎತ್ತಿ ಹಿಡಿದದ್ದು ಆ ನಾನೂರ ಹನ್ನೆರಡೇ. ಕೆಲಸ, ಪ್ರಶಸ್ತಿ, ವಿದೇಶದ ಭಾಷಣಗಳು, ಎಲ್ಲ ಅದರ ಹಿಂದೆಯೇ ಬಂದವು.

ತಕರಾರು ತೆಗೆದವನು ಒಬ್ಬನೇ, ಇನ್ನೊಂದು ವಿಶ್ವವಿದ್ಯಾಲಯದ ಪ್ರೊಫೆಸರ್. ಎಲ್ಲರ ಅಂಕಿಅಂಶವನ್ನೂ ಜಾಲಾಡುವ ಅವನ ಚಾಳಿಗೆ ಜರಡಿ ಎಂದೇ ಹೆಸರು ಬಿದ್ದಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವುದು ಅವನ ಮಂತ್ರ. ಇಪ್ಪತ್ತು ವರ್ಷದ ಹಿಂದೆ ಒಂದು ಸಮ್ಮೇಳನದಲ್ಲಿ ಎದ್ದು ನಿಂತು, ಸುತ್ತಲಿನ ಯಾವ ಕೇಂದ್ರದಲ್ಲೂ ಅಷ್ಟು ಮಳೆ ಬಿದ್ದಿಲ್ಲವಲ್ಲ, ನೀವು ಮೂಲ ರಿಜಿಸ್ಟರ್ ನೋಡಿದ್ದೀರಾ ಎಂದು ಕೇಳಿದ್ದ. ಆ ರಿಜಿಸ್ಟರ್ ನಮ್ಮ ಮನೆಯ ಊಟದ ಮೇಜಿನ ಮೇಲೇ ಇರುತ್ತಿತ್ತು ಸಾರ್ ಎಂದು ಇವಳು ಹೇಳಿದಾಗ ಸಭೆ ನಕ್ಕು ಚಪ್ಪಾಳೆ ಹೊಡೆಯಿತು. ಜರಡಿ ಕೂತುಬಿಟ್ಟ. ಆದರೆ ಅವಳು ಆ ಪುಟವನ್ನು ಯಾವತ್ತೂ ತೆಗೆದು ನೋಡಿರಲಿಲ್ಲ. ಬೇರೆ ಎಂಬತ್ತು ಕೇಂದ್ರಗಳ ರಿಜಿಸ್ಟರನ್ನು ಸೋಸಿ ಸೋಸಿ ನೋಡಿದವಳು ಇದೊಂದನ್ನು ಮಾತ್ರ ಟೈಪು ಮಾಡಿದ ಪ್ರತಿಯಿಂದಲೇ ಎತ್ತಿಕೊಂಡಿದ್ದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇವಳಿಗೆ ಹಿತ್ತಲದ್ದೇ ಮದ್ದಾಗಿತ್ತು, ಅದೂ ಮೂಸಿ ಕೂಡ ನೋಡದೆ.

ಹುಡುಗಿಗೆ ನಾನೂರ ಹನ್ನೆರಡರ ಬದಲು ಅದರ ಅರ್ಧ, ಇನ್ನೂರ ಆರು, ಹಾಕಿ ಇಡೀ ಲೆಕ್ಕವನ್ನು ಮತ್ತೆ ಓಡಿಸಲು ಹೇಳಿ, ಮೇಡಂ ಕಾರಿನ ಕೀಲಿ ತೆಗೆದುಕೊಂಡಳು.

ಅಪ್ಪನಿಗೆ ಈಗ ಎಂಬತ್ತನಾಲ್ಕು. ಮಗಳ ಮನೆಯಲ್ಲೇ ಇದ್ದ. ಬಿಸಿಲಿನ ಕಡೆ ಕುರ್ಚಿ ಎಳೆದುಕೊಂಡು ಪತ್ರಿಕೆ ಓದುತ್ತಿದ್ದವನು, ಈ ಹೊತ್ತಿನಲ್ಲಿ ಮಗಳು ಬಂದದ್ದು ನೋಡಿ ಗಾಬರಿಯಾದ. ಅವಳು ಫೋಟೋ ಮುಂದೆ ಹಿಡಿದಳು. ಅವನು ಕನ್ನಡಕ ಏರಿಸಿ ನೋಡಿದ. ಆಮೇಲೆ ಕನ್ನಡಕ ತೆಗೆದು ಮಡಚಿ ಜೇಬಿಗೆ ಹಾಕಿಕೊಂಡ.

“ಪೆನ್ಸಿಲ್ ನಂದು,” ಎಂದ.

ಆಮೇಲೆ ಒಂದೊಂದೇ ಮಾತು ಹೊರಬಂತು. ಆ ತಿಂಗಳ ಮೊದಲ ವಾರ ಅಳತೆ ಗ್ಲಾಸು ಅವನ ಕೈಜಾರಿ ಒಡೆದಿತ್ತು. ಸರ್ಕಾರಿ ಸಾಮಾನು, ಮೇಲಿನವರಿಗೆ ಬರೆದರೆ ನೋಟೀಸು ಬರುತ್ತದೆ. ಉಗ್ರಾಣದ ಮೂಲೆಯಲ್ಲಿ ಇನ್ನೊಂದು ಗ್ಲಾಸಿತ್ತು, ಆದರೆ ಅದು ಬಾಯಿಯ ವಿಸ್ತೀರ್ಣ ಅರ್ಧವಿರುವ ಮಾಪಕಕ್ಕೆ ಮಾಡಿದ್ದು. ಅದರಲ್ಲಿ ಅಳೆದರೆ ಬಿದ್ದ ಮಳೆ ಎರಡರಷ್ಟು ತೋರಿಸುತ್ತದೆ. ಅದಕ್ಕೇನಂತೆ, ಪೆನ್ಸಿಲಿನಲ್ಲಿ ಬರೆದುಕೊಂಡು, ಅರ್ಧ ಮಾಡಿ, ಶಾಯಿಯಲ್ಲಿ ಏರಿಸಿದರಾಯಿತು. ಹೊಸ ಗ್ಲಾಸು ಗುಟ್ಟಾಗಿ ತರಿಸಿಕೊಳ್ಳುವ ತನಕ ಹತ್ತೊಂಬತ್ತು ದಿನ ಹಾಗೇ ನಡೆಸಿದ. ದೊಡ್ಡ ಮಳೆಯ ದಿನ ಅವನು ಆಸ್ಪತ್ರೆಯ ರೋಗಿಗಳನ್ನು ಸಾಗಿಸಲು ಹೋಗಿ ಸೇತುವೆಯ ಆಚೆ ಸಿಕ್ಕಿಬಿದ್ದ. ಬೆಳಗ್ಗೆ ಎಂಟೂವರೆಯ ಅಳತೆ ತಪ್ಪಬಾರದೆಂದು ಅಮ್ಮ ಅಂಗಳದ ಸೊಂಟಮಟ್ಟದ ನೀರು ದಾಟಿ ದಿಬ್ಬ ಹತ್ತಿ, ಇಪ್ಪತ್ತು ಮಿಲಿಮೀಟರಿನ ಗ್ಲಾಸನ್ನು ಇಪ್ಪತ್ತು ಸಲ ತುಂಬಿಸಿ ಚೆಲ್ಲಿ, ಇಪ್ಪತ್ತೊಂದನೆಯದರಲ್ಲಿ ಹನ್ನೆರಡು ಗೆರೆ ಎಣಿಸಿ, ಒಂದಿಷ್ಟೂ ತಪ್ಪದೆ ಬರೆದಿದ್ದಳು.

“ಅವಳಿಗೆ ಗ್ಲಾಸಿನ ವಿಷಯ ಹೇಳಿರಲಿಲ್ಲ,” ಎಂದ ಅಪ್ಪ. “ಹೇಳಿದ್ರೆ ಬೀದಿಗೆಲ್ಲ ಗೊತ್ತಾಗುತ್ತೆ ಅಂತ ಭಯ.”

ಅವನು ಮರಳುವ ಹೊತ್ತಿಗೆ ತಂತಿ ಹೋಗಿ, ಪತ್ರಿಕೆಯಲ್ಲಿ ಬಂದು, ದೊಡ್ಡ ಅಧಿಕಾರಿ ಖುದ್ದಾಗಿ ಅಮ್ಮನಿಗೆ ಪ್ರಶಂಸಾಪತ್ರ ಕೊಡುತ್ತೇನೆಂದು ಹೇಳಿಯಾಗಿತ್ತು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು ಅವಳು. ಅವಳ ಮುಖ ನೋಡಿ ಅವನ ಬಾಯಿಗೆ ಬೀಗ ಬಿತ್ತು.

“ನಾನು ಅದರ ಮೇಲೆ ಪಿಎಚ್‌ಡಿ ಮಾಡುವಾಗಲಾದ್ರೂ ಹೇಳಬಾರ್ದಿತ್ತಾ ಅಪ್ಪ?”

“ಪಿಎಚ್‌ಡಿ ಮುಗೀಲಿ ಅಂದ್ಕೊಂಡೆ. ಆಮೇಲೆ ಕೆಲಸ ಸಿಗ್ಲಿ ಅಂದ್ಕೊಂಡೆ. ಆಮೇಲೆ ನಿಮ್ಮಮ್ಮ ಹೋಗ್ಬಿಟ್ಲು. ಹೋದವಳ ಕೈಯಿಂದ ಕಿತ್ಕೊಳ್ಳೋದು ಹೇಗೆ?”

ಇನ್ನೂರ ನಲವತ್ತು ಮನೆ ಅಪ್ಪ, ಎಂದಳು. ಅವಳಿಗೆ ಅವನ ಮೇಲೆ ಸಿಟ್ಟು ಬಂತು; ಆ ಸಿಟ್ಟಿನಲ್ಲಿ ಅರ್ಧ ತನ್ನ ಮೇಲಿನದೇ ಎಂದು ಗೊತ್ತಾಗಿ ಅದು ಇನ್ನಷ್ಟು ಏರಿತು. ಅವಳು ಬಾಗಿಲ ಹತ್ತಿರ ಹೋದಾಗ ಅಪ್ಪ ಹಿಂದಿನಿಂದ, ಸಭೆಯಲ್ಲಿ ನನ್ನ ಹೆಸರು ಹೇಳು ಮಗಳೇ, ನಿಮ್ಮಮ್ಮಂದು ಮಾತ್ರ ಎತ್ತಬೇಡ, ಎಂದ. ಅವಳು ಹೋಗಿ ಕಾರು ಹತ್ತಿದಳು.

ವಿಭಾಗಕ್ಕೆ ಮರಳಿದಾಗ ಒಂದೂವರೆ. ಹುಡುಗಿಯ ಲೆಕ್ಕ ಮುಗಿದಿತ್ತು. ಗೆರೆ ಒಂದೂಕಾಲು ಮೀಟರ್ ಕೆಳಗಿಳಿದಿತ್ತು. ಹೊಳೆಬೀದಿಯ ಮೇಲಿನ ಸಾಲುಗಳ ನೂರ ಐವತ್ತೆಂಟು ಮನೆ ಗೆರೆಯ ಹೊರಗೆ. ಕೆಳಗಿನ ಸಾಲಿನ ಎಂಬತ್ತೆರಡು ಮನೆ ಈಗಲೂ ಒಳಗೇ. ಭಾರಿ ಮಳೆಯ ದಿನಗಳು ನಲವತ್ತು ವರ್ಷದಲ್ಲಿ ಹೆಚ್ಚುತ್ತಾ ಬಂದಿವೆ ಎಂಬ ಅವಳ ಮಾತು ಮಾತ್ರ ಅಲುಗಿರಲಿಲ್ಲ. ಬೇರೆ ಎಂಬತ್ತು ಕೇಂದ್ರಗಳು ಅದನ್ನು ಹೊತ್ತಿದ್ದವು.

ಹುಡುಗಿ ಉಗುರು ಕಚ್ಚಿಕೊಂಡು ನಿಂತಳು. ಅವಳ ಪ್ರಬಂಧವೂ ಇದೇ ಅಂಕಿಯ ಮೇಲಿತ್ತು, ಮುಂದಿನ ತಿಂಗಳು ಸಲ್ಲಿಸುವುದಿತ್ತು. ಕೊನೆಗೆ ಮೆಲ್ಲಗೆ ಕೇಳಿದಳು.

“ಮೇಡಂ, ಮಳೆ ಹೇಗೂ ಜಾಸ್ತಿ ಆಗ್ತಾ ಇದೆ. ಇನ್ನು ಮೂವತ್ತು ವರ್ಷಕ್ಕೆ ನಾನೂರು ನಿಜವಾಗ್ಲೂ ಬೀಳಬಹುದು. ಹಾಗಿದ್ರೆ ಹಳೇ ಗೆರೆನೇ ಇದ್ರೆ ಯಾರಿಗೇನು ನಷ್ಟ? ಎಲ್ಲರೂ ಬದುಕ್ಕೊಳ್ತಾರೆ.”

ಮೇಡಂ ಅವಳನ್ನು ಬೈಯಲು ಹೋಗಲಿಲ್ಲ, ಯಾಕೆಂದರೆ ದಾರಿಯುದ್ದಕ್ಕೂ ಸ್ಟೀರಿಂಗ್ ಹಿಡಿದು ಅವಳು ಯೋಚಿಸುತ್ತಾ ಬಂದದ್ದೂ ಅದನ್ನೇ. ನೂರ ಐವತ್ತೆಂಟು ಮನೆಯವರು ಸುರಕ್ಷಿತ ಜಾಗಕ್ಕೆ ಹೋದರೆ ಪಾಪವೇನು? ಅಪ್ಪನನ್ನು ಬಿಟ್ಟರೆ ಈ ಪುಟವನ್ನು ನೋಡಿದವರು ಇಬ್ಬರೇ; ಮೂಲ ಸಿಗಲಿಲ್ಲ ಎಂದು ವರದಿಗೆ ಟೈಪು ಪ್ರತಿಯನ್ನೇ ಲಗತ್ತಿಸಿದರಾಯಿತು. ಒಂದು ಅಂಕಿ ತಪ್ಪೆಂದು ಒಪ್ಪಿಕೊಂಡರೆ, ಹವಾಮಾನ ಬದಲಾಗುವುದೆಲ್ಲ ಬೊಗಳೆ ಎನ್ನುವವರಿಗೆ ನಾಳೆಯೇ ಹಬ್ಬದೂಟ. ನಿರ್ದೇಶಕಿಯ ಕುರ್ಚಿ ಹೋಗುತ್ತದೆ, ಈ ಹುಡುಗಿಯ ನಾಲ್ಕು ವರ್ಷ ಹೋಗುತ್ತದೆ, ಅಮ್ಮನ ಪ್ರಶಂಸಾಪತ್ರ ಹೋಗುತ್ತದೆ. ಸುಮ್ಮನಿದ್ದರೆ ಏನೂ ಹೋಗುವುದಿಲ್ಲ. ಹೋಗುವುದು ಬೇರೆಯವರ ಮನೆ ಮಾತ್ರ. ಆ ಕೊನೆಯ ಮಾತು ಮನಸ್ಸಿಗೆ ಬಂದಾಗ ಅವಳಿಗೆ ತನ್ನ ಬಗ್ಗೆ ಅಸಹ್ಯವಾಯಿತು.

ಎರಡೂ ನಕಾಶೆ ಮುದ್ರಿಸು ಎಂದು ಹುಡುಗಿಗೆ ಹೇಳಿದಳು.

ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಮೇಜಿನಲ್ಲಿ ಅಧ್ಯಕ್ಷರಾದ ಮುಖ್ಯ ಎಂಜಿನಿಯರ್, ಅವರ ಎಡಕ್ಕೆ ಜರಡಿ ಪ್ರೊಫೆಸರ್. ಹಿಂದಿನ ಬೆಂಚುಗಳಲ್ಲಿ ಹೊಳೆಬೀದಿಯವರು, ಮಕ್ಕಳು ಮರಿಗಳೊಂದಿಗೆ. ಅವರ ಪರವಾಗಿ ಮಾತಾಡಲು ಬಂದಿದ್ದವಳು ಒಬ್ಬ ಟೈಲರ್ ಹೆಂಗಸು. ಹೋದ ತಿಂಗಳು ಮೇಡಂ ಆ ಬೀದಿಗೆ ಹೋಗಿ ಗೆರೆಯನ್ನು ವಿವರಿಸಿದಾಗ ಎಲ್ಲರೂ ಕೂಗಾಡಿದ್ದರು, ಇವಳೊಬ್ಬಳು ಕೂತು ಕೇಳಿದ್ದಳು.

ಮೇಡಂ ಎದ್ದು ನಿಂತು, ಮುನ್ನುಡಿ ಹಾಕದೆ, ನಾನೂರ ಹನ್ನೆರಡು ತಪ್ಪು ಎಂದಳು. ಗ್ಲಾಸು, ಪೆನ್ಸಿಲು, ಶಾಯಿ, ಎಲ್ಲವನ್ನೂ ಹೇಳಿದಳು. ಎಂಜಿನಿಯರರ ಮುಖ ಕೆಂಪಾಯಿತು. ಮೂರು ವರ್ಷದ ಕೆಲಸ, ಮುದ್ರಣವಾದ ನಕಾಶೆ, ಮೇಲಿನವರಿಗೆ ಕೊಟ್ಟ ಮಾತು, ಇದನ್ನೆಲ್ಲ ಹೊಳೆಗೆ ಹಾಕಬೇಕೇ ಎಂದು ಕೇಳಿದರು.

ಜರಡಿ ಪ್ರೊಫೆಸರ್ ಆ ಪುಟದ ಫೋಟೋವನ್ನು ಹತ್ತಿರ ಹಿಡಿದು ನೋಡುತ್ತಿದ್ದ. ಇಪ್ಪತ್ತು ವರ್ಷದ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗುತ್ತಿರಲಿಲ್ಲ. ಅವನು ಕೇಳಿದ್ದು ಒಂದೇ.

“ಈ ಒಂದು ದಿನದ್ದು ಮಾತ್ರ ಬೇರೆ ಕೈಬರಹ. ಯಾರದು?”

ಅಪ್ಪ ಕೇಳಿಕೊಂಡದ್ದು ಮೇಡಂನ ಕಿವಿಯಲ್ಲೇ ಇತ್ತು. ಆದರೆ ಇವತ್ತು ಇಷ್ಟು ಹೇಳಿ ಇದೊಂದನ್ನು ಮುಚ್ಚಿಟ್ಟರೆ, ನಾಳೆ ಉಳಿದದ್ದನ್ನು ಯಾರು ನಂಬುತ್ತಾರೆ?

“ನಮ್ಮಮ್ಮಂದು. ಅವರು ಅಳೆದಿದ್ದು ಸರಿ. ಕೈಗೆ ಕೊಟ್ಟ ಗ್ಲಾಸು ತಪ್ಪು. ಅದನ್ನ ನಮ್ಮಪ್ಪ ಹೇಳ್ಲಿಲ್ಲ, ನಾನು ನೋಡ್ಲಿಲ್ಲ.”

ಜರಡಿ ಫೋಟೋವನ್ನು ಮೇಜಿನ ಮೇಲಿಟ್ಟ. ನಾನೂ ನೋಡಲಿಲ್ಲ ಮೇಡಂ, ನೋಡಿದ್ದೀರಾ ಅಂತ ನಿಮ್ಮನ್ನು ಕೇಳಿದೆ ಅಷ್ಟೇ, ದಾಖಲೆ ಕೋಣೆಯ ಬಾಗಿಲು ನನಗೂ ತೆರೆದೇ ಇತ್ತು, ಎಂದ.

ಹಾಗಾದರೆ ಈಗ ಯಾವ ಅಂಕಿಗೆ ಸಹಿ ಹಾಕುತ್ತೀರಿ ಎಂದು ಎಂಜಿನಿಯರ್ ಕೇಳಿದರು. ಇನ್ನೂರ ಆರು ಎಂದು ಅವಳು ಹೊಸ ನಕಾಶೆ ಹರಡಿದಳು. ಜರಡಿ ಅದನ್ನು ಒಂದು ತಿಂಗಳು ಪರೀಕ್ಷಿಸುವುದು, ಆಮೇಲೆ ಸಹಿ, ಎಂದು ತೀರ್ಮಾನವಾಯಿತು. ಮೇಲಿನ ಸಾಲುಗಳವರು ಹೋ ಎಂದು ಎದ್ದರು, ಒಬ್ಬರನ್ನೊಬ್ಬರು ತಬ್ಬಿಕೊಂಡರು. ಗದ್ದಲದ ನಡುವೆಯೇ ಮೇಡಂನ ಫೋನು ಅದುರಿತು. ನಿರ್ದೇಶಕರ ಆಯ್ಕೆಯನ್ನು ಮುಂದೂಡಲಾಗಿದೆ ಎಂದು ಸಂಸ್ಥೆಯಿಂದ ಸಂದೇಶ. ಕೆಟ್ಟ ಸುದ್ದಿಗೆ ಕಾಲಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಮೆಟ್ಟಿಲ ಹತ್ತಿರ ಟೈಲರ್ ನಿಂತಿದ್ದಳು. ಸಂಭ್ರಮದಲ್ಲಿ ಅವಳು ಸೇರಿರಲಿಲ್ಲ.

“ನಂದು ಕೆಳಗಿನ ಸಾಲು, ಹನ್ನೊಂದನೇ ಮನೆ,” ಎಂದಳು.

“ಗೊತ್ತು. ನೀವು ಹೋಗ್ಲೇಬೇಕು. ಅದು ಬದಲಾಗಿಲ್ಲ.”

“ಹೋದ ತಿಂಗಳೂ ಹೀಗೇ ಹೇಳಿದ್ರಿ. ಓದಿದವರು ಸುಳ್ಳು ಹೇಳಲ್ಲ ಅಂತ ನಾನೇ ಮನೆ ಮನೆಗೆ ಹೋಗಿ ಒಪ್ಪಿಸಿದ್ದೆ. ಇವತ್ತು ಮೇಲಿನ ಸಾಲಿನವರು ನನ್ನ ನೋಡಿ ನಗ್ತಿದಾರೆ. ಕೆಳಗಿನ ಸಾಲಿನವರು, ಇನ್ನೊಂದು ತಿಂಗಳು ಕಾಯಿ, ಈ ಲೆಕ್ಕಾನೂ ತಪ್ಪು ಅಂತ ಬರ್ತಾರೆ, ಅಂತಿದಾರೆ. ನಾನು ಈಗ ಅವರಿಗೆ ಏನಂತ ಹೇಳ್ಲಿ ಅಕ್ಕ?”

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುವ ಮಾತನ್ನು ಮೇಡಂ ಚಿಕ್ಕಂದಿನಿಂದ ಕೇಳಿದ್ದಳು. ತನ್ನ ಮಾನ ಹೋದರೆ ಅದು ಬೇರೆಯವರ ಪ್ರಾಣಕ್ಕೆ ಬರುತ್ತದೆ ಎಂದು ಗೊತ್ತಿರಲಿಲ್ಲ. ನಾನೇ ಬಂದು ಹೇಳುತ್ತೇನೆ ಎಂದಳು. ನೀವು ಬಂದರೆ ಯಾರೂ ಬಾಗಿಲು ತೆಗೆಯುವುದಿಲ್ಲ ಎಂದು ಹೇಳಿ ಟೈಲರ್ ಮೆಟ್ಟಿಲಿಳಿದು ಹೋದಳು.

ಮರುದಿನ ಬೆಳಗ್ಗೆ ಮೇಡಂ ಮನೆಗಳ ಪಟ್ಟಿ ಹಿಡಿದು ಕೆಳಗಿನ ಸಾಲಿಗೆ ಹೋದಳು. ಪ್ರತಿ ಮನೆಯ ನೆಲದ ಎತ್ತರ ಅದರಲ್ಲಿತ್ತು. ಮೊದಲ ಮನೆಯಲ್ಲಿ ಅವಳು ತಟ್ಟಿದ ಕೂಡಲೇ ಒಳಗಿನ ಟಿವಿ ಸದ್ದು ನಿಂತಿತು, ಯಾರೂ ಬರಲಿಲ್ಲ. ಎರಡನೆಯ ಮನೆಯ ಕಿಟಕಿ ಮುಚ್ಚಿಕೊಂಡಿತು. ಐದನೆಯ ಮನೆಯ ಮುದುಕ, ಇವತ್ತು ಎಷ್ಟು ಮಿಲಿಮೀಟರ್ ಎಂದು ಜಗಲಿಯಿಂದಲೇ ಕೇಳಿ ನಕ್ಕ. ಅವಳು ನಿಲ್ಲದೆ ನಡೆದಳು. ಹನ್ನೊಂದನೆಯ ಬಾಗಿಲು ತೆರೆದೇ ಇತ್ತು. ಟೈಲರ್ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು.

ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಹೊಲಿಯುತ್ತಿದ್ದ ಅಂಚನ್ನು ಮುಗಿಸಿ ದಾರ ಕತ್ತರಿಸಿದಳು. ಆಮೇಲೆ ಗುರುತು ಹಾಕುವ ಸುಣ್ಣದ ಬಿಲ್ಲೆಯನ್ನು ಮೇಡಂ ಕೈಗೆ ಕೊಟ್ಟಳು.

“ನಕಾಶೆ ಬೇಡ. ನೀರು ಎಲ್ಲಿ ತನಕ ಬರುತ್ತೆ ಅಂತ ನಮ್ಮ ಗೋಡೆ ಮೇಲೆ ತೋರಿಸಿ.”

ಮೇಡಂ ಪಟ್ಟಿ ನೋಡಿದಳು. ಹೊಸ ಲೆಕ್ಕದಲ್ಲಿ ಈ ಮನೆಯ ನೆಲದಿಂದ ಒಂದು ಮೀಟರ್ ನಲವತ್ತು. ಟೈಲರ್ ಕೊರಳಿನ ಟೇಪು ತೆಗೆದು ತಾನೇ ಗೋಡೆಗೆ ಹಿಡಿದಳು. ನೂರ ನಲವತ್ತರ ಹತ್ತಿರ ಟೇಪು ಮುಗಿಯಲು ನಾಲ್ಕು ಬೆರಳು ಮಾತ್ರ ಉಳಿದಿತ್ತು. ಮೇಡಂ ಅಲ್ಲಿಂದ ಬಾಗಿಲ ತನಕ ಗೋಡೆಯುದ್ದಕ್ಕೂ ಬಿಳಿ ಗೆರೆ ಎಳೆದಳು. ಅದು ಯಂತ್ರದ ಮೇಲಿಂದ, ಮಡಚಿಟ್ಟ ಬಟ್ಟೆಗಳ ಕಪಾಟಿನ ಮೇಲಿಂದ ಹಾದುಹೋಯಿತು. ಟೈಲರ್ ಗೋಡೆಗೆ ಒರಗಿ ನಿಂತಳು. ಗೆರೆ ಅವಳ ಗಂಟಲಿಗೆ ಬಂತು. ಅವಳು ಒಳಮನೆಯ ಕಡೆ ತಿರುಗಿ ಮಗಳನ್ನು ಕರೆದಳು.

ಏಳು ವರ್ಷದ ಹುಡುಗಿ, ಅರ್ಧ ಜಡೆ ಹಾಕಿಕೊಂಡು ಓಡಿಬಂದಳು. ಎಷ್ಟು ಉದ್ದ ಆಗಿದ್ದೀನಿ ಅಂತ ನೋಡ್ತೀಯಾ ಅಮ್ಮ ಎಂದು ಖುಷಿಯಾಗಿ, ಹಿಮ್ಮಡಿ ಗೋಡೆಗೆ ತಾಗಿಸಿ ನೆಟ್ಟಗೆ ನಿಂತಳು. ಗೆರೆ ಅವಳ ನೆತ್ತಿಯಿಂದ ಒಂದು ಗೇಣು ಮೇಲಿತ್ತು.